ದಂಡಿನ ಹೆಸರು ಹೊತ್ತ ನಿಲ್ದಾಣ

ಬಳ್ಳಾರಿ ಜಂಕ್ಷನ್ ಬಿಟ್ಟ ಗಾಡಿ ಹೊಸಪೇಟೆಯತ್ತ ವೇಗ ಹಿಡಿಯುವ ಮೊದಲೇ ಮತ್ತೊಂದು ನಿಲ್ದಾಣ ಎದುರಾಗುತ್ತದೆ. ಹಳದಿ ಫಲಕದ ಮೇಲೆ 'ಬಳ್ಳಾರಿ ಕಂಟೋನ್ಮೆಂಟ್' ಎಂಬ ಹೆಸರು. ಜಂಕ್ಷನ್ನಿನ ಗದ್ದಲ ಇಲ್ಲಿಲ್ಲ. ದೂರದ ಊರಿನ ಗಾಡಿಗಳೆಲ್ಲ ಇಲ್ಲಿ ನಿಲ್ಲುವುದೂ ಇಲ್ಲ. ಒಂದೇ ಊರಿಗೆ ಎರಡು ನಿಲ್ದಾಣ ಏಕೆ ಎಂದು ಹೊಸಬರು ಕೇಳುವುದುಂಟು.

ಉತ್ತರ ಹೆಸರಿನಲ್ಲೇ ಇದೆ. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಂಪನಿ ಬಳ್ಳಾರಿಯಲ್ಲಿ ದಂಡು ಇಳಿಸಿತು. ಕೋಟೆಯ ಗುಡ್ಡದ ಸುತ್ತ ಹಳೆಯ ಊರು, ಆಚೆಗೆ ಸೈನಿಕರ ಬಡಾವಣೆ. ಕೌಲ್ ಬಜಾರ್, ಬ್ರೂಸ್‌ಪೇಟೆ ಎಂಬ ಹೆಸರುಗಳು ಆ ಕಾಲದ ಗುರುತಾಗಿ ಇಂದಿಗೂ ಜನರ ಬಾಯಲ್ಲಿವೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಬ್ರಿಟಿಷರ ದಂಡು ಹೊರಟುಹೋಗಿತ್ತು. ಹೆಸರು ಮಾತ್ರ ಉಳಿಯಿತು. 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಈ ಕಂಟೋನ್ಮೆಂಟ್ ಪ್ರದೇಶದಲ್ಲೇ ಇದೆ. ಸಿಪಾಯಿಗಳು ಓಡಾಡಿದ ಬೀದಿಗಳಲ್ಲಿ ಈಗ ಬಿಳಿ ಕೋಟಿನ ವಿದ್ಯಾರ್ಥಿಗಳು.

ಆದರೆ ಈ ಹಳಿ ಪಶ್ಚಿಮಕ್ಕೆ ಸಾಗಿದ್ದು ಬರೀ ದಂಡಿಗಾಗಿ ಅಲ್ಲ. ಅದರ ಹಿಂದೆ ಹಸಿವಿನ ಕಥೆಯಿದೆ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಬರವನ್ನು ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಹೆಸರಿನಿಂದ ನೆನೆಯುತ್ತಿದ್ದರು. ಅದರಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಗುಂತಕಲ್ ಕಡೆಯಿಂದ ಬಳ್ಳಾರಿವರೆಗೆ ರೈಲು ಆಗಲೇ ಬಂದಿತ್ತು. ಅಲ್ಲಿಂದಾಚೆಗೆ ಎತ್ತಿನ ಗಾಡಿಯೇ ಗತಿ. ಮೇವು, ನೀರು ಇಲ್ಲದೆ ಎತ್ತುಗಳೇ ಸಾಯುತ್ತಿದ್ದಾಗ ಮೂಟೆಗಳನ್ನು ಎಳೆಯುವವರು ಯಾರು? ಕಾಳು ಒಂದೆಡೆ, ಹಸಿದ ಹೊಟ್ಟೆ ಇನ್ನೊಂದೆಡೆ! ಈ ಪಾಠ ಕಲಿತ ಸರ್ಕಾರ ಬರ ನಿವಾರಣೆಯ ಮಾರ್ಗಗಳಿಗೆ ಮನಸ್ಸು ಮಾಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದೇ ದಶಕದಲ್ಲಿ ಹೊಸಪೇಟೆ, ಗದಗಗಳತ್ತ ಹಳಿ ಸಾಗಿತು.

ಮುಂದೆ ಕಂಪನಿಗಳು ಕೂಡಿದವು, ವಲಯಗಳು ಬದಲಾದವು. 2003ರಿಂದ ಹುಬ್ಬಳ್ಳಿ ಕೇಂದ್ರವಾದ ನೈರುತ್ಯ ರೈಲ್ವೆ ಇದನ್ನು ನೋಡಿಕೊಳ್ಳುತ್ತಿದೆ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಈಗ ಪ್ರಯಾಣಿಕರ ಗಾಡಿಗಿಂತ ಕಣ್ಣಿಗೆ ಹೆಚ್ಚು ಬೀಳುವುದು ಸರಕಿನ ಗಾಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬಂದರಿನಿಂದ ಬರುವ ಕಲ್ಲಿದ್ದಲೂ ಬಳ್ಳಾರಿ ಸೀಮೆಯ ಅದಿರೂ ಇದೇ ಹಳಿಗಳ ಮೇಲೆ ಸಾಗುತ್ತವೆ. ಅಂಥ ಉದ್ದದ ಗಾಡಿ ಎಳೆಯುತ್ತ ಹೋಗುವಾಗ ಪುಟ್ಟ ನಿಲ್ದಾಣದಲ್ಲಿ ಮಾತು ಕೇಳಿಸದು.

ಇಷ್ಟೆಲ್ಲ ಆದರೂ ಸಿರುಗುಪ್ಪಕ್ಕೆ ರೈಲಿಲ್ಲ. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಆ ತಾಲ್ಲೂಕು ಭತ್ತದ ಕಣಜವಾಯಿತು. ಬರದ ನಾಡಿಗೆ ಕಾಳು ತರಲೆಂದು ಹಳಿ ಹಾಕಿದ ಜಿಲ್ಲೆಯಲ್ಲಿ, ಕಾಳು ಬೆಳೆಯುವ ಊರಿನ ಅಕ್ಕಿ ಲಾರಿಯಲ್ಲೇ ಹೊರಡಬೇಕು. ದೊಡ್ಡಬಸವೇಶ್ವರನ ಬೃಹತ್ ನಂದಿಗೆ ಹೆಸರಾದ ಕುರುಗೋಡು ಈಗ ತಾಲ್ಲೂಕು ಕೇಂದ್ರ. ಆ ಊರಿಗೂ ಬಸ್ಸೇ ಆಧಾರ. ಬಳ್ಳಾರಿಯಿಂದ ಕುರುಗೋಡು ಸುಮಾರು 28 ಕಿ.ಮೀ., ಸಿರುಗುಪ್ಪ ಸುಮಾರು 55 ಕಿ.ಮೀ. ರೈಲು ಮಾರ್ಗದ ಬೇಡಿಕೆ ಹಳೆಯದು.

ಬೆಂಗಳೂರಿನಲ್ಲಿ ಪರೀಕ್ಷೆಯೋ ಸಂದರ್ಶನವೋ ಇದ್ದರೆ ಸಿರುಗುಪ್ಪದ ಮಕ್ಕಳು ಮೊದಲು ಬಸ್ಸಿನಲ್ಲಿ ಬಳ್ಳಾರಿಗೆ ಬರಬೇಕು. ಹಂಪಿ ಎಕ್ಸ್‌ಪ್ರೆಸ್ ರಾತ್ರಿಯ ಗಾಡಿ. ಮಗಳನ್ನು ಹತ್ತಿಸಲು ಜೊತೆಗೆ ಬಂದ ತಂದೆಗೆ ಅಷ್ಟು ಹೊತ್ತಿನಲ್ಲಿ ಊರ ಬಸ್ಸು ತಪ್ಪಿದರೆ ಬೆಳಗಿನವರೆಗೆ ಬೆಂಚೇ ಹಾಸಿಗೆ. ಟಿಕೆಟ್ ತೆಗೆಸುವಾಗ ಗಾಡಿ ಜಂಕ್ಷನ್ನಿನಲ್ಲಿ ನಿಲ್ಲುತ್ತದೆಯೋ ಕಂಟೋನ್ಮೆಂಟಿನಲ್ಲೂ ನಿಲ್ಲುತ್ತದೆಯೋ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಎರಡೂ ಹೆಸರಿನಲ್ಲಿ ಬಳ್ಳಾರಿ ಇರುವುದರಿಂದ, ಹೊಸಬರು ಒಂದು ನಿಲ್ದಾಣಕ್ಕೆ ಬಂದು ಇನ್ನೊಂದಕ್ಕೆ ಆಟೋ ಹುಡುಕಬೇಕಾದೀತು.