ಬೀಗದ ಕೈಯ ವಿಚಾರ

ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುವ ಪದ್ಧತಿಯು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದುದು. ಅದು ಕಳೆದುಹೋದರೆ ಕಮ್ಮಾರನನ್ನು ಕರೆಯಿಸಿ ಬೀಗವನ್ನು ಒಡೆಯಿಸುತ್ತೇವೆ. ಒಳಗಿನ ಒಡವೆಗೆ ಬಾಧೆಯಿಲ್ಲ. ಕಂಪ್ಯೂಟರಿನೊಳಗಣ ಗುಪ್ತಲಿಪಿಯ ಬೀಗವು ಈ ಜಾತಿಯದಲ್ಲ. ಅದು ಪೆಟ್ಟಿಗೆಯ ಬಾಗಿಲಿಗಿರದೆ ಒಳಗಿನ ಒಂದೊಂದು ಅಕ್ಷರಕ್ಕೂ ಬಿದ್ದಿರುತ್ತದೆ. ಒಡೆಯಹೋದವನಿಗೆ ಸಿಕ್ಕುವುದು ಅರ್ಥವಿಲ್ಲದ ಅಂಕೆಗಳ ರಾಶಿಯೇ.

2015ರಲ್ಲಿ ಮೈಸೂರಿನ ನಮ್ಮ ಅಕ್ಕನ ಮನೆಯಲ್ಲಿ ಈ ಸಂಗತಿಯು ನಮಗೆ ಅನುಭವಕ್ಕೆ ಬಂದಿತು. ಭಾವನವರು ಅದರ ಹಿಂದಿನ ವರ್ಷ ತೀರಿಕೊಂಡಿದ್ದರು. ತಮ್ಮ ತಾಯಿಯವರ ಬಾಯಿಂದ ಕೇಳಿ ಅವರು ಬರೆದುಕೊಂಡಿದ್ದ ಹಸೆಯ ಹಾಡು, ಆರತಿಯ ಹಾಡು, ಬೀಸುವ ಪದಗಳು ನೂರಕ್ಕೆ ಮೇಲ್ಪಟ್ಟಿದ್ದುವು. ಹಾಡಿದ ಹಿರಿಯರು ಮೊದಲೇ ಹೋಗಿದ್ದರು. ಬರೆದ ಕಾಗದಗಳನ್ನು ಗೆದ್ದಲು ತಿಂದಿತ್ತು. ಉಳಿದುದು ಕಂಪ್ಯೂಟರಿನಲ್ಲಿದ್ದ ಪ್ರತಿಯೊಂದೇ. ಅದನ್ನು ಭಾವನವರು ಮನೆಯ ಲೆಕ್ಕಪತ್ರಗಳೊಡನೆ ಒಂದೇ ಫೋಲ್ಡರಿನಲ್ಲಿಟ್ಟು, ವಿಂಡೋಸ್ 7 ಪ್ರೊಫೆಷನಲ್ಲಿನಲ್ಲಿರುವ ಇ.ಎಫ್.ಎಸ್. ಎಂಬ ಏರ್ಪಾಡಿನಿಂದ ಗುಪ್ತಗೊಳಿಸಿದ್ದರು. ಹಾಡಿಗೇಕೆ ಬೀಗವೆಂದು ವಾಚಕರು ಕೇಳಬಹುದು. ಬೀಗವಿದ್ದುದು ಲೆಕ್ಕಕ್ಕೆ, ಅದರ ನೆರೆಯಲ್ಲಿ ಕುಳಿತುದರಿಂದ ಹಾಡೂ ಸೆರೆಯಾಯಿತು.

ಒಂದು ದಿನ ಯಂತ್ರವು ಮೇಲೇಳದಾಯಿತು. ರಿಪೇರಿಯವನು ವಿಂಡೋಸನ್ನು ಹೊಸದಾಗಿ ಸ್ಥಾಪಿಸಿ, ಭಾವನವರ ಹೆಸರನ್ನೇ ಇಟ್ಟು, ಅಕ್ಕ ಹೇಳಿದ ಪಾಸ್‌ವರ್ಡನ್ನೇ ಕೊಟ್ಟು, ‘ಎಲ್ಲಾ ಮೊದಲಿನಂತೆಯೇ ಇದೆ, ಅಮ್ಮಾ’ ಎಂದು ಹೇಳಿ ಹೋದನು. ಫೈಲುಗಳೇನೋ ಇದ್ದುವು, ಹೆಸರುಗಳೆಲ್ಲ ಹಸುರು ಅಕ್ಷರಗಳಲ್ಲಿ. ತೆರೆಯಹೋದರೆ ಅನುಮತಿಯಿಲ್ಲವೆಂಬ ಒಂದೇ ಉತ್ತರ. ಮತ್ತೆ ಕರೆಯಿಸಿದಾಗ ಆತನು ಫೈಲುಗಳ ಒಡೆತನವನ್ನು ಹೊಸ ಖಾತೆಗೆ ಬದಲಾಯಿಸಿ ನೋಡಿ, ಅದೂ ಫಲಿಸದಿರಲು, ಡಿಸ್ಕನ್ನು ಪೂರ್ತಿ ಅಳಿಸಿ ಇನ್ನೊಮ್ಮೆ ಸ್ಥಾಪಿಸುವೆನೆಂದನು. ಅಕ್ಕ ಒಪ್ಪದಿದ್ದುದು ಪುಣ್ಯ.

ನಾವು ಮನುಷ್ಯನನ್ನು ಹೆಸರಿನಿಂದ ಗುರುತಿಸುತ್ತೇವೆ. ವಿಂಡೋಸು ಗುರುತಿಸುವುದು ಎಸ್-1-5-21 ಎಂದು ಮೊದಲಾಗುವ ಒಂದು ಉದ್ದನೆಯ ಸಂಖ್ಯೆಯಿಂದ. ಹೊಸ ಸ್ಥಾಪನೆಯಲ್ಲಿ ಆ ಸಂಖ್ಯೆಯೂ ಹೊಸದು. ಆದುದರಿಂದ ಹೆಸರು ಒಂದೇ ಆದರೂ ಈತನು ಯಂತ್ರದ ಪಾಲಿಗೆ ದಾರಿಹೋಕನು. ಇನ್ನು ಬೀಗದ ಮಾತು. ಒಂದೊಂದು ಫೈಲಿಗೂ ಬೇರೆಬೇರೆ ಬೀಗದ ಕೈ. ಅದನ್ನು ಮುಚ್ಚಿಟ್ಟ ಬೀಗವನ್ನು ತೆರೆಯಲು ಬಳಕೆದಾರನ ಖಾಸಗಿ ಬೀಗದ ಕೈ. ಅದಕ್ಕೆ ಕಾವಲಾಗಿ ಮೂಲ ಬೀಗದ ಕೈ. ಆ ಮೂಲಕ್ಕೆ ಕಾವಲು ಪಾಸ್‌ವರ್ಡು. ಅಜ್ಜಿಯರ ಕಥೆಯಲ್ಲಿ ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಪ್ರಾಣವಿದ್ದಂತೆಯೇ ಸರಿ. ಫೈಲಿನ ಬೀಗದ ಕೈಯನ್ನು ಊಹಿಸಿಯೇ ಹುಡುಕುವೆನೆಂದರೆ, ಪರೀಕ್ಷಿಸಬೇಕಾದ ಸಂಭವಗಳ ಎಣಿಕೆಯನ್ನು ಬರೆಯುವುದಕ್ಕೆ 78 ಅಂಕಿಗಳು ಬೇಕು!

ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವ ನಮ್ಮ ತಂಗಿಯ ಮಗನು ಆ ಭಾನುವಾರ ಬಂದನು. ಬಂದವನೇ ಯಂತ್ರವನ್ನು ನಿಲ್ಲಿಸಿ, ಡಿಸ್ಕನ್ನು ಕಳಚಿ, ಅದರ ಪೂರ್ಣ ನಕಲನ್ನು ತೆಗೆದನು. ‘ಇನ್ನೇನು ಮಾಡಿದರೂ ನಕಲಿನ ಮೇಲೇ, ದೊಡ್ಡಮ್ಮ, ಮೂಲವನ್ನು ಯಾರೂ ಮುಟ್ಟಬೇಡಿ’ ಎಂದನು. ರಿಪೇರಿಯವನು ಮೊದಲ ಸಲ ಡಿಸ್ಕನ್ನು ಅಳಿಸದೆಯೇ ಸ್ಥಾಪನೆ ಮಾಡಿದ್ದರಿಂದ, ಹಳೆಯ ವಿಂಡೋಸು ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರಿನಲ್ಲಿ ಹಾಗೆಯೇ ಉಳಿದಿತ್ತು. (ವಿಂಡೋಸ್ 10ನ್ನು ಹಳೆಯದರ ಮೇಲೆ ಏರಿಸಿದಾಗ ಉಳಿಯುವ ಇಂಥ ಫೋಲ್ಡರು ಸಾಮಾನ್ಯವಾಗಿ 10 ದಿನಗಳಲ್ಲಿ ತಾನಾಗಿ ಅಳಿದುಹೋಗುತ್ತದೆ, ಗೃಹಸ್ಥರು ಗಮನಿಸಬೇಕು.) ಅದರೊಳಗೆ ಭಾವನವರ ಹಳೆಯ ಸಂಖ್ಯೆಯ ಹೆಸರಿನಲ್ಲಿ ಪ್ರಮಾಣಪತ್ರ, ಖಾಸಗಿ ಬೀಗದ ಕೈ, ಮೂಲ ಬೀಗದ ಕೈ ಮೂರೂ ದೊರೆತುವು. ಇದಕ್ಕೆಂದೇ ಇರುವ ತಂತ್ರಾಂಶವೊಂದಕ್ಕೆ ಅವನ್ನು ಒಪ್ಪಿಸಿ, ಅಕ್ಕ ಹೇಳಿದ ಪಾಸ್‌ವರ್ಡನ್ನು ಕೊಟ್ಟನು. ತೆರೆಯಲಿಲ್ಲ. ಮತ್ತೆ ಮತ್ತೆ ಕೊಟ್ಟರೂ ತೆರೆಯಲಿಲ್ಲ.

ಭಾವನವರು ಅದನ್ನು ಎಲ್ಲಿಯೋ ಬರೆದಿಟ್ಟಿದ್ದ ನೆನಪು ಅಕ್ಕನಿಗೆ ಸಂಜೆಯ ವೇಳೆಗೆ ಬಂದಿತು. ದೇವರ ಮನೆಯ ಗೂಡಿನಲ್ಲಿ ನಂದನ ಸಂವತ್ಸರದ ಪಂಚಾಂಗವಿತ್ತು. ಹಳೆಯ ಪಂಚಾಂಗಗಳನ್ನು ಅಕ್ಕ ಎಸೆಯುವವಳಲ್ಲ. ಅದರ ಹಿಂಬದಿಯಲ್ಲಿ ಪಾಸ್‌ವರ್ಡಿತ್ತು. ಮೊದಲ ಅಕ್ಷರ ದೊಡ್ಡದು, ಕೊನೆಯಲ್ಲಿ ಒಂದು ಚುಕ್ಕಿ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವರು ಪೂರ್ಣವಿರಾಮವಿಲ್ಲದೆ ಏನನ್ನೂ ಬರೆಯುತ್ತಿರಲಿಲ್ಲ. ಚುಕ್ಕಿಯನ್ನು ಒತ್ತಿದೊಡನೆ ಫೈಲುಗಳು ತೆರೆದುವು.

ಅಕ್ಕ ಕನ್ನಡಕ ಹಾಕಿಕೊಂಡು ಬಂದು ನೋಡಿದರೆ ಕಂಡದ್ದು ಇಂಗ್ಲಿಷ್ ಅಕ್ಷರ, ಕೊಂಬು, ಬಾಲಗಳ ಗೊಂದಲ. ‘ಹಾಳಾಗಿಹೋಯಿತೇನೋ?’ ಎಂದು ಅವಳು ಕುರ್ಚಿಯಲ್ಲಿ ಕುಸಿದಳು. ಇದು ಗುಪ್ತಲಿಪಿಯ ಕಾಟವಲ್ಲ. ಭಾವನವರು ನುಡಿಯ ಹಳೆಯ ಫಾಂಟಿನಲ್ಲಿ ಬರೆದಿದ್ದರು, ಹೊಸ ವಿಂಡೋಸಿನಲ್ಲಿ ಆ ಫಾಂಟಿರಲಿಲ್ಲ. ಅದನ್ನು ಹಾಕಿದ ಮೇಲೆ ಅತ್ತೆಯವರ ಹಸೆಯ ಹಾಡು ಕನ್ನಡದಲ್ಲಿ ಮೂಡಿತು. ಅಕ್ಕ ಮೊದಲ ನುಡಿಯನ್ನು ಓದಲಿಲ್ಲ, ಹಾಡಿಬಿಟ್ಟಳು. ಎರಡನೆಯದಕ್ಕೆ ಸ್ವರ ಹೊರಡಲಿಲ್ಲ.

ರಾತ್ರಿ ಊಟವಾದ ಮೇಲೆ ಹುಡುಗನು ಹಾಡುಗಳನ್ನು ಯೂನಿಕೋಡಿಗೆ ಬದಲಾಯಿಸಿ ಬೀಗವಿಲ್ಲದ ಫೋಲ್ಡರಿಗೆ ತಂದನು. ಲೆಕ್ಕಪತ್ರಗಳು ಗುಪ್ತವಾಗಿಯೇ ಇರಲೆಂದು ಅಕ್ಕ ಹೇಳಿದಳು. ಅವುಗಳ ಪ್ರಮಾಣಪತ್ರವನ್ನೂ ಖಾಸಗಿ ಬೀಗದ ಕೈಯನ್ನೂ ಒಂದೇ ಫೈಲಾಗಿ ಹೊರತೆಗೆದು, ಎರಡು ಪೆನ್‌ಡ್ರೈವುಗಳಿಗೆ ಹಾಕಿದನು. ಒಂದು ಅಕ್ಕನ ಬೀರುವಿನಲ್ಲಿದೆ, ಇನ್ನೊಂದು ನಮ್ಮಲ್ಲಿದೆ.