ಹಂಡೆಯ ಒಲೆಯ ಮುಂದೆ

ಗೋಕಾಕದ ಕಡೆಗೂ ಚಳಿ ಉಂಟೆ ಎಂದು ಕೇಳುವವರಿದ್ದಾರೆ. ಅವರು ಶ್ರಾವಣದಲ್ಲಿ ಜಲಪಾತ ನೋಡಲು ಬಂದು, ಕರದಂಟು ಕಟ್ಟಿಸಿಕೊಂಡು, ಸಂಜೆಯ ಬಸ್ಸಿಗೆ ಹೊರಟುಹೋಗುವ ಜನ. ಅಂಥವರು ಧನುರ್ಮಾಸದ ನಸುಕಿನಲ್ಲಿ ಮೂಡಲಗಿಯ ಕಬ್ಬಿನ ಹೊಲಗಳ ಮಗ್ಗುಲಿಗಿರುವ ಒಂದು ಮಣ್ಣಿನ ಮಾಳಿಗೆಯ ಮನೆಯಲ್ಲಿ ಎದ್ದು ನೋಡಬೇಕು. ಉಷ್ಣಮಾಪಕವೇನೋ 13-14 ಡಿಗ್ರಿಯನ್ನೇ ತೋರಿಸೀತು. ಆದರೆ ಘಟಪ್ರಭೆಯ ಕಾಲುವೆಯ ನೀರು ಕುಡಿದ ಹೊಲದ ಮೇಲಿಂದ ಬೀಸುವ ಗಾಳಿಗೆ ಅಂಕಿಗಳ ಹಂಗಿಲ್ಲ. ಕೌದಿಯೊಳಗಿನ ಕಾಲು ಕಲ್ಲಾಗಿರುತ್ತದೆ.

ನಮ್ಮಲ್ಲಿ ಮನೆಯನ್ನು ಕಾಯಿಸುವ ಪದ್ಧತಿ ಇಲ್ಲ. ಮನುಷ್ಯರನ್ನು ಕಾಯಿಸುವ ಪದ್ಧತಿ ಇದೆ. ಅದಕ್ಕೆ ಇರುವ ಸ್ಥಳ ಬಚ್ಚಲಿನ ಹಂಡೆಯ ಒಲೆ. ನಮ್ಮ ಒಲೆಯನ್ನು ಅಪ್ಪ ಕಟ್ಟಿಸಿದ್ದು. ಮಣ್ಣಿನ ದಪ್ಪ ಮೈ, ಅದರ ಹೊಟ್ಟೆಯಲ್ಲಿ ಹೂತಿಟ್ಟ ತಾಮ್ರದ ಹಂಡೆ, ಮುಂದೆ ಒಂದು ಬಾಯಿ, ಬಾಯಿಯ ಎದುರಿಗೆ ಇಬ್ಬರು ಕೂಡ್ರುವಷ್ಟು ಕಟ್ಟೆ. ಅವ್ವ ನಾಲ್ಕು ಗಂಟೆಗೆ ಎದ್ದು ಹತ್ತಿಕಟ್ಟಿಗೆಯಿಂದ ಬೆಂಕಿ ಎಬ್ಬಿಸಿ, ಒಂದು ಜಾಲಿಯ ಬೊಡ್ಡೆಯನ್ನು ಒಳಗೆ ನೂಕಿ ಕೂತಳೆಂದರೆ ಹಂಡೆಯ ನೀರು ಕುದಿಯುವವರೆಗೆ ಏಳುವವಳಲ್ಲ. ನಾನು ಬಾಯಿಪಾಠ ಮಾಡಿದ ಹಳಗನ್ನಡವೆಲ್ಲ ಆ ಕಟ್ಟೆಯ ಮೇಲೆ ಆದುದು. ಇಂದಿಗೂ ತರಗತಿಯಲ್ಲಿ ಕೆಲವು ಪದ್ಯಗಳನ್ನು ಹೇಳುವಾಗ ನನ್ನ ಮೂಗಿಗೆ ಹೊಗೆಯ ವಾಸನೆ ಬಡಿಯುತ್ತದೆ. ವಿದ್ಯಾರ್ಥಿಗಳಿಗೆ ಇದನ್ನು ಹೇಳಿಲ್ಲ.

ಅವ್ವನಿಗೀಗ ಎಪ್ಪತ್ತೆರಡು. ನಾಲ್ಕೈದು ವರ್ಷದಿಂದ ದಮ್ಮು. ಗೋಕಾಕದ ಡಾಕ್ಟರರು ಚಿತ್ರ ತೆಗೆಸಿ, ಎದೆಗೆ ಕೊಳವೆ ಇಟ್ಟು ಕೇಳಿ, "ಬೀಡಿ ಸೇದತಾರೇನು?" ಎಂದು ಕೇಳಿದರು. ಆಕೆ ಸೇದಿದ್ದು ಒಲೆಯನ್ನು. ಅಡಿಗೆಗೆ ಗ್ಯಾಸು ಬಂದು ಎಷ್ಟೋ ವರ್ಷಗಳಾದುವು. ಬಚ್ಚಲಿನ ಬೆಂಕಿಯನ್ನು ಮಾತ್ರ ಆಕೆ ಬಿಟ್ಟಿರಲಿಲ್ಲ. "ಹೊಗಿ ಬಿಡಸ್ರಿ ಮಾಸ್ತರ, ಇಲ್ಲಂದ್ರ ನಾ ಕೊಡೋ ಔಷಧ ನೀರ ಆಕ್ಕೈತಿ" ಎಂದರು ಡಾಕ್ಟರರು.

ನನ್ನ ಹೆಂಡತಿಯ ತವರು ಹುಕ್ಕೇರಿ. ಹುಕ್ಕೇರಿಯವರಿಗೆ ವಿದ್ಯುತ್ತು ಎಂದರೆ ಮನೆತನದ ಮಾತು. 1969ರಲ್ಲಿ ಕಟ್ಟಿದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಿಂದ ಆ ತಾಲೂಕಿನವರು ದೀಪ ಹಚ್ಚಿಕೊಳ್ಳುತ್ತಾರೆ. ಮಾವನವರು ಅದರ ಹಳೆಯ ಸದಸ್ಯರು. ತಮ್ಮ ಷೇರಿನ ಕಾಗದವನ್ನು ದೇವರ ಪಟದ ಹಿಂದೆ ಇಟ್ಟಿದ್ದಾರೆ. ಅವರು ಖುದ್ದಾಗಿ ಮೂಡಲಗಿಗೆ ಬಂದು ಬಚ್ಚಲಿಗೆ ಗೀಸರು ಹಾಕಿಸಿದರು. ಒಂದು ವಾರ ಅವ್ವ ಬೀಗರ ಮರ್ಯಾದೆಗೆ ಸುಮ್ಮನಿದ್ದಳು. ಎಂಟನೆಯ ದಿನ ಮತ್ತೆ ಹೊಗೆ. ನಾನು ಸಿಟ್ಟಾದೆ. ಅವ್ವ ಶಾಂತವಾಗಿ, "ಬಿಸಿನೀರ ಬರತಾವು, ಖರೆ. ಕುಂದರಾಕ ಎಲ್ಲೈತಿ?" ಎಂದಳು.

ಈ ಪ್ರಶ್ನೆಗೆ ಬೀಗರ ಬಳಿಯೂ ಉತ್ತರವಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ಶೇಗಡಿಯಲ್ಲಿ ಇದ್ದಲಿ ಹಾಕಿ ಮಂಚದ ಕೆಳಗಿಡಿರೆಂದು ನೆರೆಯವರೊಬ್ಬರು ಸಲಹೆ ಕೊಟ್ಟರು. ಅದಂತೂ ಯಮನಿಗೆ ಕೊಡುವ ಆಮಂತ್ರಣ. ಮುಚ್ಚಿದ ಕೋಣೆಯಲ್ಲಿ ಕೆಂಡವು ಬಣ್ಣ-ವಾಸನೆ ಇಲ್ಲದ ವಿಷದ ಗಾಳಿಯನ್ನು ಬಿಡುತ್ತದೆ, ಮಲಗಿದವರು ಏಳುವುದಿಲ್ಲ.

ಆ ಡಿಸೆಂಬರಿನಲ್ಲಿ ನನ್ನ ತಮ್ಮ ಬಂದ. ಅವನಿರುವುದು ಅಮೇರಿಕೆಯ ವರ್ಮಾಂಟ್ ಪ್ರಾಂತದಲ್ಲಿ. ಅಲ್ಲಿಯ ಚಳಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗೂ ಇಳಿಯುತ್ತದಂತೆ. ಅವನ ಮನೆಯ ಪಡಸಾಲೆಯ ಗೋಡೆಯಲ್ಲಿ ಇಟ್ಟಿಗೆಯ ಹಳೆಯ ಬೆಂಕಿಗೂಡು ಇದೆ. ನೋಡಲು ಬಹಳ ಚೆಂದ. ಆದರೆ ನೂರು ಪಾಲು ಶಾಖದಲ್ಲಿ ಹತ್ತು ಪಾಲು ಮನೆಗೆ ಸಿಕ್ಕರೆ ಪುಣ್ಯ, ಉಳಿದುದು ಹೊಗೆಗೂಡಿನಲ್ಲಿ ಆಕಾಶಕ್ಕೆ. ಬೆಂಜಮಿನ್ ಫ್ರಾಂಕ್ಲಿನ್ ಈ ನಷ್ಟವನ್ನು ಕಂಡು ಕಬ್ಬಿಣದ ಒಲೆಯೊಂದನ್ನು ಮಾಡಿ, 1744ರಲ್ಲಿ ಅದರ ಮೇಲೆ ಒಂದು ಪುಸ್ತಿಕೆಯನ್ನೇ ಬರೆದನು. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಅಲ್ಲಿಯ ಜನ ಮತ್ತೆ ಕಟ್ಟಿಗೆಗೆ ತಿರುಗಿದರು. ಹಳೆಯ ಬೆಂಕಿಗೂಡನ್ನು ಕೆಡವದೆ ಅದರ ಬಾಯಿಯೊಳಗೆ ಒಂದು ಕಬ್ಬಿಣದ ಪೆಟ್ಟಿಗೆಯನ್ನು ಕೂಡ್ರಿಸುವ ಪದ್ಧತಿ ಬೆಳೆಯಿತು. ಪೆಟ್ಟಿಗೆಗೆ ಗಾಜಿನ ಬಾಗಿಲು, ಗಾಳಿಗೆ ಅಳತೆಯ ಕಿಂಡಿ, ಹೊಗೆಗೆ ಪ್ರತ್ಯೇಕ ಕೊಳವೆ. ಹಾಗೆ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಶಾಖ ಮನೆಯಲ್ಲೇ ನಿಲ್ಲುತ್ತದೆ. ನಮ್ಮವರೂ ಈ ವಿಷಯದಲ್ಲಿ ಸುಮ್ಮನಿದ್ದವರಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಮುಂದೆ ಹೊಗೆಗೊಳವೆಯುಳ್ಳ ಮೂರು ಕಣ್ಣಿನ ಒಲೆಯನ್ನು ಮಾಡಿ ಹಳ್ಳಿಹಳ್ಳಿಗೆ ಒಯ್ದರು. ಅದು ಅಡಿಗೆಯ ಒಲೆ. ಅದರ ಎದುರಿಗೆ ಕುಳಿತು ಬೆಂಕಿಯ ಮುಖ ನೋಡುವಂತಿರಲಿಲ್ಲ.

"ಅಣ್ಣಾ, ಅಪ್ಪನ ಒಲಿ ಕೆಡವೂದು ಬ್ಯಾಡ. ಬಾಯಾಗ ಪೆಟಿಗಿ ಕುಂದರಸೂಣು" ಎಂದ ತಮ್ಮ. ಗೋಕಾಕದ ವೆಲ್ಡಿಂಗ್ ಅಂಗಡಿಯವನು ಚಿತ್ರ ನೋಡಿ, "ಸರ, ಇದು ತಿಜೂರಿಯೋ, ಒಲಿಯೋ?" ಎಂದು ಕೇಳಿದನಾದರೂ ನಾಲ್ಕು ದಿನದಲ್ಲಿ ದಪ್ಪ ತಗಡಿನ ಪೆಟ್ಟಿಗೆ ಸಿದ್ಧವಾಯಿತು. ಕೊಳವೆಯನ್ನು ಬೆಳಕಿಂಡಿಯಿಂದ ಹೊರಗೆ ಬಿಟ್ಟೆವು. ಮಾಳಿಗೆಯ ತೊಲೆಗೆ ಶಾಖ ತಾಗದಂತೆ ಸುತ್ತ ಇಟ್ಟಿಗೆ ಕಟ್ಟಿಸಿದೆವು. ತಮ್ಮ ಊರಿಗೆ ಹೊರಡುವ ಹಿಂದಿನ ದಿನ ಉದ್ಘಾಟನೆ. ಬಾಗಿಲಿಗೆ ಹಾಕಿದ್ದ ಸಾದಾ ಗಾಜು ಹತ್ತು ನಿಮಿಷಕ್ಕೆ 'ಟಪ್' ಎಂದು ಸೀಳಿತು. ನಕ್ಕೆವು, ಒಂದು ತಗಡು ಮುಚ್ಚಿದೆವು.

ಆ ನಗೆಯ ಬೆಲೆ ಮೂರು ದಿನದ ಮೇಲೆ ಗೊತ್ತಾಯಿತು. ನಸುಕಿನಲ್ಲಿ ಗಾಳಿ ತಿರುಗಿ ಬೀಸಿದೆ. ಹೊಗೆಯೆಲ್ಲ ಕೊಳವೆಯಿಂದ ಹಿಂದಕ್ಕೆ ಇಳಿದಿದೆ. ಅವ್ವ ಬಾಗಿಲು ತೆರೆದು ಊದುಗೊಳವೆಯಿಂದ ಊದಿದ್ದಾಳೆ. ನನ್ನ ಹೆಂಡತಿ ಕೆಮ್ಮು ಕೇಳಿ ಓಡಿದಾಗ ಅವ್ವ ಬಚ್ಚಲ ಹೊಸ್ತಿಲಿಗೆ ಆತುಕೊಂಡಿದ್ದಳು, ತುಟಿ ನೀಲಿಯಾಗಿತ್ತು. ಮೂಡಲಗಿಯಿಂದ ಗೋಕಾಕಕ್ಕೆ ಆ ಹೊತ್ತು ನಾನು ಕಾರು ಓಡಿಸಿದ ರೀತಿಯನ್ನು ನೆನೆದರೆ ಈಗಲೂ ಕೈ ನಡುಗುತ್ತದೆ. ಹಿಂದಿನ ಸೀಟಿನಿಂದ ಬರುತ್ತಿದ್ದ ಉಸಿರಿನ ಸಪ್ಪಳ ನಿಲ್ಲದಿರಲಿ ಎಂಬ ಒಂದೇ ಪ್ರಾರ್ಥನೆ. ನಾಲ್ಕು ದಿನ ಆಮ್ಲಜನಕದ ಮೇಲಿದ್ದಳು. "ನಾನ ಕೊಂದಿದ್ನೆಲ್ಲಾ" ಎಂದು ಡಾಕ್ಟರರ ಮುಂದೆ ಅತ್ತೆ. ಅವರು, "ಇದು ಐವತ್ತ ವರ್ಷದ ಹೊಗಿ ಮಾಸ್ತರ, ನಿಮ್ಮದೊಂದರದ ಅಲ್ಲ" ಎಂದರು. ಸಮಾಧಾನಕ್ಕೆ ಹೇಳಿದರೋ, ನಿಜವೋ.

ಮನೆಗೆ ಬಂದವನೇ ಪೆಟ್ಟಿಗೆಯನ್ನು ಕಿತ್ತೊಗೆಯಲು ಹಾರೆ ಹಿಡಿದೆ. ತಡೆದವಳು ಅವ್ವನೇ. ಹಾಸಿಗೆಯ ಮೇಲಿಂದ, "ಗಾಣದ ಚಿಮಣಿ ನೋಡಿಯೇನು? ಎಷ್ಟ ಎತ್ತರ ಐತಿ? ನಿಮ್ಮದು ಮೊಣಕಾಲಮಟ ಐತಿ. ಮತ್ತ ಹಸಿ ಕಟಗಿ ಹಾಕಿದ್ರಿ" ಎಂದಳು.

(ಚಿಮಣಿ ಎಂಬ ಮಾತಿನ ಬಗೆಗೆ ಕನ್ನಡ ಮಾಸ್ತರನ ಒಂದು ಮಾತು. ನಮ್ಮ ಕಡೆ ಚಿಮಣಿ ಎಂದರೆ ಎಣ್ಣೆಯ ದೀಪವೂ ಹೌದು, ಹೊಗೆಗೂಡೂ ಹೌದು. ನಿಪ್ಪಾಣಿಯ ಕಡೆ ಹೋದರೆ ಮರಾಠಿಯವರಿಗೆ ಅದು ಗುಬ್ಬಿ.)

ಮೂಡಲಗಿಯ ಸುತ್ತ ಬೆಲ್ಲದ ಗಾಣಗಳಿಗೆ ಬರವಿಲ್ಲ. ಕಬ್ಬಿನ ಒಣ ಸಿಪ್ಪೆಯನ್ನೇ ಉರಿಸಿ ಅಷ್ಟು ದೊಡ್ಡ ಕಡಾಯಿಯನ್ನು ಕುದಿಸುತ್ತಾರೆ. ಉರಿ ಹಾಕುವವನ ಕಣ್ಣಿಗೆ ಹೊಗೆ ಬರುವುದಿಲ್ಲ. ಬಿಸಿಗಾಳಿ ಹಗುರಾಗಿ ಮೇಲೇರುತ್ತದೆ; ಕೊಳವೆ ಎತ್ತರವಾದಷ್ಟೂ ಅದರ ಸೆಳೆತ ಹೆಚ್ಚು. ನಮ್ಮ ಕೊಳವೆ ಮಾಳಿಗೆಯ ಕುಂಬಿಗಿಂತ ಕೆಳಗೇ ನಿಂತಿತ್ತು, ಮೇಲಾಗಿ ಎರಡು ಕಡೆ ಸೊಟ್ಟ. ಕಟ್ಟಿಗೆಯಂತೂ ವಾರದ ಹಿಂದೆ ಕಡಿದ ಜಾಲಿ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಬೆಂಕಿಯ ಶಕ್ತಿಯೆಲ್ಲ ಅದನ್ನು ಆವಿ ಮಾಡುವುದರಲ್ಲಿ ತೀರಿ, ತಣ್ಣಗಾದ ಹೊಗೆ ಕೊಳವೆಯಲ್ಲಿ ಡಾಂಬರಿನಂತೆ ಅಂಟುತ್ತದೆ. ದಪ್ಪಗಟ್ಟಿದರೆ ಅದಕ್ಕೇ ಒಂದು ದಿನ ಕಿಚ್ಚು ಹತ್ತುತ್ತದೆ. ತಮ್ಮನಿಗೆ ಫೋನು ಮಾಡಿ ಕೇಳಿದರೆ, ನೂರಕ್ಕೆ 20 ಪಾಲಿಗಿಂತ ಹೆಚ್ಚು ನೀರಿರಬಾರದೆಂದೂ, ಅದನ್ನು ಅಳೆಯಲು ತನ್ನಲ್ಲಿ ಯಂತ್ರವಿದೆಯೆಂದೂ ಹೇಳಿದ. ಅವ್ವ ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ನೋಡುತ್ತಾಳೆ. ಟಣ್ ಎಂದರೆ ಒಣಗಿದೆ, ದಪ್ ಎಂದರೆ ಇಲ್ಲ.

ಕೊಳವೆಯನ್ನು ನೇರ ಮಾಡಿಸಿ, ಕುಂಬಿಯ ಮೇಲೆ ಐದಡಿ ಎತ್ತರಿಸಿ, ತುದಿಗೆ ಟೊಪ್ಪಿಗೆ ಹಾಕಿಸಿದೆವು. ಯುಗಾದಿಯಾದ ಮೇಲೆ ಕಟ್ಟಿಗೆ ಸೀಳಿಸಿ ಬಿಸಿಲಿಗೆ ಒಟ್ಟಿ, ಮಳೆಗೆ ತಗಡು ಹೊದಿಸಿದೆವು. ಶಾಖಕ್ಕೆ ಸೀಳದ ಗಾಜನ್ನು ತಮ್ಮ ಧೋತರದಲ್ಲಿ ಸುತ್ತಿ, ಬರುವವರೊಬ್ಬರ ಕೈಯಲ್ಲಿ ಕಳಿಸಿದ. ಕಳೆದ ಮಾಗಿಯಲ್ಲಿ ಮೊದಲ ಸಲ ಬೆಂಕಿ ಹಾಕಿದ ದಿನ ಅವ್ವನನ್ನು ಪಡಸಾಲೆಯಲ್ಲೇ ಕೂಡ್ರಿಸಿ, ನಾನೊಬ್ಬನೇ ಒಂದು ಗಂಟೆ ಒಲೆಯ ಮುಂದೆ ಊದಿನಕಡ್ಡಿ ಹಿಡಿದು ಕುಳಿತೆ. ಕಡ್ಡಿಯ ಹೊಗೆ ಕೂಡ ಕಿಂಡಿಯೊಳಕ್ಕೇ ಸರಿಯಿತು. ಆಮೇಲೆ ಕರೆದೆ.

ಆಕೆಗೆ ಪೂರ್ತಿ ಮೆಚ್ಚಿಗೆಯಾಯಿತೆಂದು ಹೇಳಲಾರೆ. ಊದುವುದಕ್ಕೆ ಕೆಲಸವಿಲ್ಲ, ಬೊಡ್ಡೆ ನೂಕಿದರೆ ತಾನೇ ಉರಿಯುತ್ತದೆ. "ಹೊಗಿ ಇಲ್ಲಂದ್ರ ತೊಲಿಗೆ ಗೆದ್ದಲ ಹತ್ತತಾವ ನೋಡು" ಎಂದಳು. ಆ ಮಾತಿನಲ್ಲಿ ಹುರುಳಿದೆ. ಬಡಗಿಯನ್ನು ಕರೆಸಿ ತೊಲೆಗಳನ್ನು ನೋಡಿಸಬೇಕು. ಡಾಕ್ಟರರಿಗೆ ಇದಾವುದೂ ಹಿಡಿಸಿಲ್ಲ. ಬೆಂಕಿಯೇ ಬೇಡವೆನ್ನುತ್ತಾರೆ, ಅವರ ಮಾತೇ ಸರಿಯಿರಬಹುದು. ಆ ಮಾಗಿ ದಾಟುವವರೆಗೆ ಅವ್ವ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಆದರೂ ರಾತ್ರಿ ಎಚ್ಚರವಾದಾಗ ನಾನು ಅವಳ ಉಸಿರನ್ನು ಎಣಿಸುವುದು ನಿಂತಿಲ್ಲ.

ಗಾಜು ವಾರಕ್ಕೊಮ್ಮೆ ಕಪ್ಪಾಗುತ್ತದೆ. ಅದನ್ನು ತೊಳೆಯಲು ತಮ್ಮ ಒಂದು ಸೀಸೆ ದ್ರವವನ್ನೂ ಕಳಿಸಿದ್ದ. ಅವ್ವ ಅದನ್ನು ತೆರೆಯಲೇ ಇಲ್ಲ. ಒದ್ದೆ ಅರಿವೆಯ ಮೇಲೆ ಅದೇ ಒಲೆಯ ಬೂದಿ ಹಚ್ಚಿಕೊಂಡು ಎರಡು ಸಲ ತಿಕ್ಕಿದಳು, ಗಾಜು ತಿಳಿನೀರಿನಂತಾಯಿತು. ಫೋನಿನಲ್ಲಿ ಹೇಳಿದರೆ ತಮ್ಮ ನಕ್ಕು, "ಇಲ್ಲಿ ಮುದುಕರೂ ಹಂಗ ಮಾಡತಾರ ಅಣ್ಣಾ. ನಾನ ರೊಕ್ಕಾ ಕೊಟ್ಟ ಸೀಸೆ ತರತೀನಿ" ಎಂದ.