ಹಸಿರು ದೀಪ ಉರಿದರೂ ನೆಟ್ ಇಲ್ಲ

ಇಳಕಲ್ಲಿನ ಸೀರೆ ಅಂಗಡಿಯ ಗಾದಿಯ ಮೇಲೆ ಕಾಲು ಮಡಚಿ ಕೂತಿದ್ದೀರಿ. ಎದುರಿಗೆ ಕಪ್ಪು ಮೈಯ, ಕೆಂಪು ಸೆರಗಿನ ಸೀರೆ ಹರವಿದೆ. ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಕೈಮಗ್ಗದ ಸೀರೆ. ಸೊಲ್ಲಾಪುರದ ಗಿರಾಕಿಗೆ ಆ ಕೂಡಿಕೆಯೇ ಸ್ಪಷ್ಟವಾಗಿ ಕಾಣಬೇಕಂತೆ. ಸಾವ್ಕಾರರು ಫೋಟೊ ಹೊಡೆದು ಕಳಿಸಿದ್ದಾರೆ. ಫೋನಿನ ಪರದೆಯಲ್ಲಿ ಸಣ್ಣ ಚಕ್ರ ತಿರುಗುತ್ತಲೇ ಇದೆ.

"ಮುಂಜಾನಿಂದ ನೆಟ್ ಇಲ್ರಿ."

ಅಷ್ಟರಲ್ಲಿ ಖಣ ಕೊಂಡ ಹೆಣ್ಣುಮಗಳೊಬ್ಬಳು ಗಲ್ಲಾದ ಮುಂದಿನ ಕ್ಯೂಆರ್ ಕೋಡಿಗೆ ಫೋನು ಹಿಡಿಯುತ್ತಾಳೆ. ಮೂಲೆಯ ಪುಟ್ಟ ಡಬ್ಬಿ ಹಣ ಬಂತೆಂದು ಗಟ್ಟಿಯಾಗಿ ಸಾರುತ್ತದೆ. ಸಾವ್ಕಾರರು ಡಬ್ಬಿಯನ್ನೊಮ್ಮೆ, ತಮ್ಮ ಫೋನನ್ನೊಮ್ಮೆ ನೋಡುತ್ತಾರೆ. "ನೆಟ್ಟ ಇಲ್ಲಂದ್ರ ಇದು ಹ್ಯಾಂಗ ಮಾತಾಡತೈತಿ?"

ಪ್ರಶ್ನೆ ಸರಿಯಾಗಿಯೇ ಇದೆ. ಆ ಹೆಣ್ಣುಮಗಳ ಫೋನು ತನ್ನ ಸಿಮ್‌ನ ಡೇಟಾ ಬಳಸಿತು. ಮಾತಾಡುವ ಡಬ್ಬಿಯೊಳಗೂ ಒಂದು ಸಿಮ್ ಇದೆ. ಎರಡೂ ಮೊಬೈಲ್ ಟವರಿನ ದಾರಿ ಹಿಡಿದವು. ಅಂಗಡಿಗೆ ಬಂದ ಕೇಬಲ್ಲನ್ನು ಮುಟ್ಟಲೇ ಇಲ್ಲ. ಮೊಬೈಲ್ ಕಂಪನಿಯದು ಒಂದು ಜಾಲ, ಕೇಬಲ್‌ನವರದು ಇನ್ನೊಂದು, ಬ್ಯಾಂಕಿನದು ಮತ್ತೊಂದು. ಇಂಥ ಸಾವಿರಾರು ಜಾಲಗಳು ಒಂದೇ ಕಟ್ಟಳೆಗೆ ಒಪ್ಪಿ ಕೈ ಹಿಡಿದುಕೊಂಡದ್ದಕ್ಕೆ ಇಂಟರ್‌ನೆಟ್ ಎಂದು ಹೆಸರು. ಕಡಿದದ್ದು ಈ ಅಂಗಡಿಗೆ ಬರುವ ಕೇಬಲ್ಲಿನ ದಾರಿ ಮಾತ್ರ.

ಕೇಬಲ್‌ನವ ಬರುತ್ತಾನೆ. ಇಪ್ಪತ್ತೈದರ ಹುಡುಗ, ಹೆಗಲಿಗೆ ಚೀಲ. ಬಂದವನೇ ಗೋಡೆಯ ಬಿಳಿ ಡಬ್ಬಿಯ ಕಡೆ ಕಣ್ಣು ಹಾಯಿಸುತ್ತಾನೆ. ಎಲ್ಲರೂ ಅದನ್ನು ಮೋಡೆಮ್ ಅನ್ನುತ್ತಾರೆ. ಮೋಡೆಮ್ ಇದ್ದದ್ದು ಟೆಲಿಫೋನ್ ತಂತಿಯ ಕಾಲಕ್ಕೆ. 1995ರ ಆಗಸ್ಟ್ 15ರಂದು ವಿಎಸ್ಎನ್ಎಲ್ ಜನರಿಗೆ ಇಂಟರ್‌ನೆಟ್ ಕೊಡಲು ಶುರುಮಾಡಿದಾಗ, ಕಂಪ್ಯೂಟರಿನ ಅಂಕಿಗಳನ್ನು ತಂತಿಗೆ ಹೊಂದುವ ಸದ್ದನ್ನಾಗಿ ಮಾಡಿ ಕಳಿಸುತ್ತಿದ್ದ ಯಂತ್ರ ಅದು. ಈಗ ಗೋಡೆಯ ಮೇಲಿರುವುದು ಒಎನ್‌ಟಿ: ಗಾಜಿನೆಳೆಯಲ್ಲಿ ಬಂದ ಬೆಳಕನ್ನು ವಿದ್ಯುತ್ ಸಂಕೇತ ಮಾಡುವ ಡಬ್ಬಿ. ರೂಟರು, ವೈ-ಫೈ ಎರಡೂ ಸಾಮಾನ್ಯವಾಗಿ ಅದರ ಹೊಟ್ಟೆಯಲ್ಲೇ ಇರುತ್ತವೆ.

"ಸಾವ್ಕಾರ್ರ, ಪಾನ್ ಅಂತ ಬರದೈತಲ್ಲ, ಅದು ಹಸರ ಐತಿ. ಎಲ್‌ಒಎಸ್ ದೀಪ ಕೆಂಪ ಆಗಿಲ್ಲ. ಅಂದ್ರ ನಿಮ್ಮ ಅಂಗಡಿ ತನಕ ಬೆಳಕ ಬರಾಕತ್ತೈತಿ."

"ಮತ್ತ ನೆಟ್?"

"ಅದು ಮುಂದಿನ ಮಾತ್ರಿ."

ಅವನ ಬೆರಳಿನ ಹಿಂದೆ ನೀವೂ ಹೋಗುತ್ತೀರಿ. ಫೋನಿನಲ್ಲಿ ವೈ-ಫೈ ಗೆರೆಗಳು ತುಂಬಿವೆ. ತುಂಬಿರಲೇಬೇಕು, ಏಕೆಂದರೆ ಆ ಗೆರೆಗಳು ಅಳೆಯುವುದು ಫೋನಿಗೂ ಗೋಡೆಯ ಡಬ್ಬಿಗೂ ನಡುವಿನ ಹತ್ತಡಿ ರೇಡಿಯೊವನ್ನು ಮಾತ್ರ. ವೈ-ಫೈ ಎಂದರೆ ಇಂಟರ್‌ನೆಟ್ ಎಂದು ನಮ್ಮ ತಲೆಯಲ್ಲಿ ಕೂಡಿಸಿದ ಪಾಪದಲ್ಲಿ ಖಾನಾವಳಿ, ಲಾಡ್ಜುಗಳ 'ಫ್ರೀ ವೈ-ಫೈ' ಬೋರ್ಡುಗಳಿಗೂ ಪಾಲಿದೆ. ಹುಡುಗ ಬ್ರೌಸರಿನಲ್ಲಿ 192.168.1.1 ಎಂದು ಒತ್ತುತ್ತಾನೆ. ರೂಟರಿನ ಪುಟ ಥಟ್ಟನೆ ತೆರೆದುಕೊಳ್ಳುತ್ತದೆ. ಬಿಲ್ಲಿನ ಕಂಪ್ಯೂಟರಿನಿಂದ ಪ್ರಿಂಟರಿಗೆ ಕಾಗದವೂ ಹೊರಡುತ್ತದೆ. ಇದು ಲ್ಯಾನ್, ಅಂಗಡಿಯೊಳಗಿನ ಜಾಲ. ಹೊರಗೆ ಪ್ರಳಯವಾದರೂ ಇದು ನಡೆದೀತು.

ರೂಟರಿನ ಪುಟದಲ್ಲಿ ಒಂದು ಪಟ್ಟಿ: ಸಾವ್ಕಾರರ ಫೋನಿಗೆ ಕೊನೆಯಲ್ಲಿ 7, ಪ್ರಿಂಟರಿಗೆ 4, ನಿಮಗೆ 11. ಇವು ಐಪಿ ವಿಳಾಸಗಳು. ಫೋನು ಬಂದು ಸೇರಿದೊಡನೆ ಖಾಲಿ ಇರುವ ಸಂಖ್ಯೆಯೊಂದನ್ನು ಕೊಡುವ ಕೆಲಸಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ. ಪಕ್ಕದ ಸೀರೆ ಅಂಗಡಿಯಲ್ಲೂ ಇದೇ 192.168ರ ಸಂಖ್ಯೆಗಳಿರಬಹುದು, ಬಾದಾಮಿಯ ಲಾಡ್ಜಿನಲ್ಲೂ. ಒಳಗಿನ ಬಳಕೆಗೆಂದೇ ಬಿಟ್ಟ ವಿಳಾಸಗಳಾದ್ದರಿಂದ ಜಗಳವಿಲ್ಲ. ಹೊರಗೆ ಹೋಗುವಾಗ ರೂಟರು ಅವನ್ನೆಲ್ಲ ಮುಚ್ಚಿ ತನ್ನ ಹೊರಗಿನ ವಿಳಾಸ ಹಚ್ಚುತ್ತದೆ, ಉತ್ತರ ಬಂದಾಗ ಯಾರದೆಂದು ನೆನಪಿಟ್ಟು ಒಳಗೆ ಹಂಚುತ್ತದೆ. ಈ ಉಪಾಯದ ಹೆಸರು ನ್ಯಾಟ್. ಹಳೆಯ ಐಪಿವಿ4 ಪದ್ಧತಿಯಲ್ಲಿ ಒಟ್ಟು ವಿಳಾಸಗಳೇ ಸುಮಾರು 429 ಕೋಟಿ. ಜಗತ್ತಿನ ಜನ 800 ಕೋಟಿ, ಕೆಲವರ ಕೈಯಲ್ಲಿ ಎರಡೆರಡು ಫೋನು. ಐಪಿವಿ6 ಬಂದದ್ದು ಈ ಬರಗಾಲಕ್ಕಾಗಿ.

ಹುಡುಗ ಕೊನೆಯದಾಗಿ ಪಿಂಗ್ ಹೊಡೆಯುತ್ತಾನೆ. "ಇದ್ದೀಯೇನು?" ಎಂದು ಒಂದು ಸಂಖ್ಯೆಯನ್ನು ಕೂಗಿ, ಓಗೊಡಲು ಎಷ್ಟು ಹೊತ್ತಾಯಿತೆಂದು ಅಳೆಯುವ ಸಣ್ಣ ಪ್ರೋಗ್ರಾಂ. ಅದನ್ನು ಬರೆದದ್ದು ಅಮೆರಿಕದ ಮೈಕ್ ಮೂಸ್, 1983ರಲ್ಲಿ. 8.8.8.8 ಎಂದು ಕೂಗುತ್ತಾನೆ. ಉತ್ತರವಿಲ್ಲ.

"ನಿಮ್ಮ ಕಡೆ ಎಲ್ಲಾ ಸರಿ ಐತ್ರಿ. ಹುನಗುಂದ ಹಾದ್ಯಾಗ ಕಡದೈತಿ."

ಬೈಕಿನ ಹಿಂದೆ ನೀವೂ ಹತ್ತುತ್ತೀರಿ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಗ್ರಾನೈಟ್ ಕಲ್ಲು ಹೊತ್ತ ಲಾರಿಗಳು. ಎರಡೂ ಬದಿಗೆ ಎರೆ ಹೊಲ. ಎಲ್ಲಿಗೆ ಹೋಗಬೇಕೆಂಬುದು ಹುಡುಗನಿಗೆ ಆಗಲೇ ಗೊತ್ತಿದೆ. ಆಫೀಸಿನಲ್ಲಿ ಒಟಿಡಿಆರ್ ಎಂಬ ಯಂತ್ರ ಹಚ್ಚಿ ನೋಡಿದ್ದಾರೆ. ಅದು ಗಾಜಿನೆಳೆಗೆ ಬೆಳಕಿನ ಒಂದು ಹೊಡೆತ ಬಿಡುತ್ತದೆ; ಕಡಿದ ಜಾಗಕ್ಕೆ ಬಡಿದ ಬೆಳಕು ಹಿಂದಿರುಗುತ್ತದೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗಿ ಬರಲು 10 ಮೈಕ್ರೋಸೆಕೆಂಡ್ ಹಿಡಿದರೆ ಕಡಿದದ್ದು ಒಂದು ಕಿ.ಮೀ. ದೂರದಲ್ಲಿ, 60 ಹಿಡಿದರೆ ಆರು ಕಿ.ಮೀ. ಭೂಮಿಯೊಳಗೆ ಹೂತ ಕೂದಲೆಳೆಯ ಗಾಯವನ್ನು ಕುರ್ಚಿಯಲ್ಲಿ ಕೂತು ಹುಡುಕುವ ಇಂಥ ಜಾಣತನ ಇನ್ನೊಂದನ್ನು ನಾನು ಕಂಡಿಲ್ಲ.

ಆರೋಪಿ ಅಲ್ಲೇ ನಿಂತಿದೆ, ಹಳದಿ ಬಣ್ಣದ ಜೆಸಿಬಿ. ನೀರಿನ ಪೈಪಿಗೆ ತೋಡಿದ ಕಾಲುವೆಯಲ್ಲಿ ಕಪ್ಪು ಕೇಬಲ್ ಹರಿದು ಬಿದ್ದಿದೆ. ಒಳಗೆ ನೀಲಿ, ಕಿತ್ತಳೆ, ಹಸಿರು, ಕಂದು, ಹೀಗೆ ಹನ್ನೆರಡು ಬಣ್ಣದ ಎಳೆಗಳು. ತುದಿಯೊಂದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿಯುವಷ್ಟರಲ್ಲಿ ಹುಡುಗ ಗದರುತ್ತಾನೆ:

"ಕಣ್ಣ ಹಚ್ಚಬ್ಯಾಡ್ರಿ ಸರ! ಒಳಗ ಲೇಸರ್ ಇರತೈತಿ, ಕಾಣಾಂಗಿಲ್ಲ."

ಅದು ಅವಕೆಂಪು ಬೆಳಕು. ಕಣ್ಣಿಗೆ ಕಾಣದೆ ಕಣ್ಣನ್ನು ಸುಡಬಲ್ಲದು.

ಹೊಲದ ಬದುವಿನ ಮೇಲೆ ಚಾದರ ಹಾಸುತ್ತಾರೆ. ಗಾಳಿಗೆ ಮಣ್ಣು ಹಾರದಂತೆ ಇನ್ನೊಬ್ಬ ಕೊಡೆ ಹಿಡಿಯುತ್ತಾನೆ. ಬಣ್ಣದ ಲೇಪ ಹೆರೆದರೆ ಉಳಿಯುವ ಗಾಜು 125 ಮೈಕ್ರಾನ್, ಬೆಳಕು ಓಡುವ ನಡುವಿನ ತಿರುಳು 9 ಮೈಕ್ರಾನ್ ಆಸುಪಾಸು. ಸ್ಪಿರಿಟ್ ಹಚ್ಚಿ ಒರೆಸುತ್ತಾನೆ, ಕ್ಲೀವರಿನಲ್ಲಿ ನೆಟ್ಟಗೆ ಕತ್ತರಿಸುತ್ತಾನೆ, ಎರಡೂ ತುದಿಗಳನ್ನು ಸ್ಪ್ಲೈಸರಿನೊಳಗೆ ಎದುರುಬದುರು ಇಡುತ್ತಾನೆ. ಪುಟ್ಟ ಪರದೆಯಲ್ಲಿ ಅವು ತೊಲೆಗಳಷ್ಟು ದಪ್ಪಗೆ ಕಾಣುತ್ತವೆ. ಯಂತ್ರ ತಾನೇ ಸರಿಸಿ ಹೊಂದಿಸಿ, ವಿದ್ಯುತ್ ಕಿಡಿ ಹಾರಿಸಿ, ಗಾಜನ್ನು ಕರಗಿಸಿ ಕೂಡಿಸುತ್ತದೆ. "ಗಾಜಿಗೆ ಗಂಟ ಹಾಕಾಕ ಬರಾಂಗಿಲ್ರಿ," ಎನ್ನುತ್ತಾ ಹುಡುಗ ಮುಂದಿನ ಬಣ್ಣಕ್ಕೆ ಕೈ ಹಾಕುತ್ತಾನೆ.

ಊರಿಗೆ ಎರಡು ಕಡೆಯಿಂದ ಕೇಬಲ್ ತಂದು ಉಂಗುರದಂತೆ ಕೂಡಿಸಿದ್ದರೆ ಒಂದು ಬದಿ ಕಡಿದಾಗ ಸಂಚಾರ ಇನ್ನೊಂದು ಬದಿಯಿಂದ ತಾನಾಗಿ ತಿರುಗುತ್ತಿತ್ತು. ಇಂಟರ್‌ನೆಟ್ಟಿನ ಮೂಲ ಯೋಚನೆಯೇ ಅದು, ಒಂದು ದಾರಿ ಹೋದರೆ ಮತ್ತೊಂದು. ಎರಡನೆಯ ದಾರಿಗೆ ದುಡ್ಡು ಬೇಕು. ಸಣ್ಣ ಊರುಗಳಿಗೆ ಬಹಳ ಸಲ ಒಂದೇ ದಾರಿ ಸಿಗುತ್ತದೆ. ಜೆಸಿಬಿಯ ಮೇಲೆ ಸಿಟ್ಟಾಗುವವರು ಇದನ್ನೂ ಕೇಳಬೇಕು.

ಮಧ್ಯಾಹ್ನಕ್ಕೆ ಎಳೆಗಳೆಲ್ಲ ಕೂಡಿವೆ. ಪಿಂಗ್ ಹೊಡೆದರೆ 8.8.8.8 ಓಗೊಡುತ್ತದೆ. ಎಲ್ಲರೂ ಚಹಾ ಕುಡಿಯುವಷ್ಟರಲ್ಲಿ ಸಾವ್ಕಾರರ ಫೋನು: "ತಮ್ಮಾ, ನೆಟ್ ಇನ್ನೂ ಇಲ್ಲ."

ಅದೇ ಎರಡು ಪದ, ಆದರೆ ರೋಗ ಬೇರೆ. ಸಂಖ್ಯೆ ಕೂಗಿದರೆ ಉತ್ತರ ಬರುತ್ತದೆ, ಹೆಸರು ಕೂಗಿದರೆ ಬರುವುದಿಲ್ಲ. ಹುಡುಗ ಹಣೆ ಚಚ್ಚಿಕೊಂಡು "ಡಿಎನ್‌ಎಸ್" ಅನ್ನುತ್ತಾನೆ. ಆ ಯಂತ್ರ ಕೂತಿರುವುದು ಬಾಗಲಕೋಟೆಯ ಆಫೀಸಿನಲ್ಲಿ. ಅಲ್ಲಿಗೆ ಹೋಗುವ ದಾರಿಯಲ್ಲಿ, ಅಮೀನಗಡದಲ್ಲಿ ಕರದಂಟಿಗೆ ಐದು ನಿಮಿಷ ನಿಲ್ಲಿಸಿದ್ದನ್ನು ಸಾವ್ಕಾರರಿಗೆ ಯಾರೂ ಹೇಳಬೇಡಿ.

ನವನಗರದ ಅಗಲ ರಸ್ತೆಗಳಿಗೆ ಬರುತ್ತೀರಿ. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ದಂಡೆಯ ಹಳೆ ಬಾಗಲಕೋಟೆಯ ಓಣಿಗಳನ್ನು ನುಂಗಲಿದ್ದುದರಿಂದ ಕಟ್ಟಿದ ಊರು ಇದು. ಇಲ್ಲಿ ವಿಳಾಸವೆಂದರೆ ಸೆಕ್ಟರ್ ಸಂಖ್ಯೆ. ಮನೆತನದ ಹೆಸರು ಹೇಳಿದರೆ ಹಿರಿಯರಿಗೆ ಗೊತ್ತು. ಮನೆ ಯಾವ ಸೆಕ್ಟರಿಗೆ ಹೋಗಿದೆ ಎಂದು ಯಾರಾದರೂ ಹೇಳಿದರಷ್ಟೇ ಬಾಗಿಲು ತಟ್ಟಬಹುದು. ಡಿಎನ್‌ಎಸ್ ಮಾಡುವುದು ಇದನ್ನೇ: ಹೆಸರು ಹಾಗೇ ಉಳಿದು ಮನೆ ಬದಲಾದಾಗ ಇವತ್ತಿನ ಸಂಖ್ಯೆ ಯಾವುದೆಂದು ಹೇಳುವುದು. ಕಂಪ್ಯೂಟರುಗಳಿಗೆ ತಿಳಿಯುವುದು ಸಂಖ್ಯೆ ಮಾತ್ರ. ಪಾಲ್ ಮೊಕಪೆಟ್ರಿಸ್ ಈ ವ್ಯವಸ್ಥೆ ರೂಪಿಸಿದ್ದೂ 1983ರಲ್ಲೇ. ಅದಕ್ಕೆ ಮುಂಚೆ ಇದ್ದಬದ್ದ ಕಂಪ್ಯೂಟರುಗಳ ಹೆಸರನ್ನೆಲ್ಲ ಒಂದೇ ಕಡತದಲ್ಲಿ ಬರೆದಿಟ್ಟು ಹಂಚುತ್ತಿದ್ದರು. ಈಗ ಕನ್ನಡ ಲಿಪಿಯಲ್ಲೇ '.ಭಾರತ' ಎಂದು ಕೊನೆಗೊಳ್ಳುವ ಹೆಸರನ್ನೂ ಪಡೆಯಬಹುದು.

ಆಫೀಸಿನ ಒಳಕೋಣೆಯಲ್ಲಿ ಎಸಿ ಕೊರೆಯುತ್ತಿದೆ, ಬ್ಯಾಟರಿಗಳ ಸಾಲು, ಮಿಣುಕುವ ರ‍್ಯಾಕುಗಳು. ಕರೆಂಟು ಹೋಗಿ ಬಂದಾಗ ಡಿಎನ್‌ಎಸ್ ಯಂತ್ರ ಏಳದೇ ಮಲಗಿಬಿಟ್ಟಿದೆ. ಗುಂಡಿ ಒತ್ತಿ ಎಬ್ಬಿಸುತ್ತಾರೆ. ಇಷ್ಟಕ್ಕೇ ಇಳಕಲ್ಲಿನವರು ಒಂದು ತಾಸು ಕಾದರು.

ಫೋಟೊ ಹೊರಟಿತು. ನಾಲ್ಕು ಎಂಬಿಯ ಫೋಟೊ ಇಡಿಯಾಗಿ ಹೋಗುವುದಿಲ್ಲ. ಸುಮಾರು 1,500 ಬೈಟಿನ ತುಂಡುಗಳಾಗಿ ಹೋಗುತ್ತದೆ, ಅಂದರೆ ಎರಡೂವರೆ ಸಾವಿರಕ್ಕಿಂತ ಹೆಚ್ಚು ಪ್ಯಾಕೆಟ್. ಪ್ರತಿಯೊಂದರ ತಲೆಯ ಮೇಲೆ ಎಲ್ಲಿಂದ, ಎಲ್ಲಿಗೆ, ಎಷ್ಟನೆಯದು ಎಂಬ ಬರಹ. ದಾರಿಯ ರೂಟರುಗಳು ಎಲ್ಲಿಗೆ ಎಂಬುದನ್ನು ಓದಿ ಮುಂದೆ ದೂಡುತ್ತವೆ. ಒಂದು ಕಳೆದರೆ ಟಿಸಿಪಿ ಎಂಬ ನಿಯಮ ಅದನ್ನಷ್ಟೇ ಮತ್ತೆ ತರಿಸುತ್ತದೆ. ವಿಡಿಯೊ ಕರೆಯಲ್ಲಿ ಸಾಮಾನ್ಯವಾಗಿ ಹಾಗೆ ತರಿಸುತ್ತ ಕೂರುವುದಿಲ್ಲ. ಅದಕ್ಕೇ ಮಗಳ ಮುಖ ಒಮ್ಮೊಮ್ಮೆ ಚೌಕ ಚೌಕವಾಗುತ್ತದೆ. ಕೇಬಲ್‌ನವರು ಫೋಟೊ ನೋಡಿಯಾರೇ ಎಂದು ಕೇಳಬೇಡಿ: ವಾಟ್ಸ್‌ಆ್ಯಪ್ 2016ರಿಂದ ಎರಡು ತುದಿಯ ಫೋನುಗಳಿಗಷ್ಟೇ ಬಿಚ್ಚಲು ಬರುವಂತೆ ಬೀಗ ಹಾಕಿ ಕಳಿಸುತ್ತದೆ.

ಸಂಜೆ ಇನ್ನೊಂದು ದೂರಿಗೆ ಹುಡುಗನ ಜೊತೆ ಬಾದಾಮಿ. ಕೆಂಪು ಬಂಡೆಯ ಬುಡದಲ್ಲಿ ಕಲ್ಲುಗೋಡೆಯ ಹಳೆಯ ಮನೆ, ಈಗ ಪ್ರವಾಸಿಗರ ತಂಗುಮನೆ. "100ರ ಪ್ಲ್ಯಾನ್ ಹಾಕ್ಸೀನಿ, ಮ್ಯಾಲಿನ ಕ್ವಾಣ್ಯಾಗ ನೆಟ್ಟ ಇಲ್ಲ ಅಂತಾರ ನೋಡಪಾ," ಎಂದು ಮನೆಯ ಅಜ್ಜಿ ದೂರುತ್ತಾರೆ. ಹುಡುಗ ಕೆಳಗೆ ಸ್ಪೀಡ್ ನೋಡುತ್ತಾನೆ: 96 ಎಂಬಿಪಿಎಸ್. ಅದು ಮೆಗಾಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 12 ಮೆಗಾಬೈಟ್ ಇಳಿಯುತ್ತದೆ. ಜಾಹೀರಾತಿನಲ್ಲಿ ಬಿಟ್‌ನ ಲೆಕ್ಕವೇ ಯಾಕೆ ಇರುತ್ತದೆಂದು ವ್ಯಾಪಾರ ಬಲ್ಲವರಿಗೆ ಹೇಳಬೇಕಿಲ್ಲ. ಮೇಲೆ ಹೋದರೆ 2. ಕೇಬಲ್ಲಿನದೇನೂ ತಪ್ಪಿಲ್ಲ, ನಡುವೆ ಎರಡಡಿ ಕಲ್ಲುಗೋಡೆ. ವೈ-ಫೈಯ 5 ಗಿಗಾಹರ್ಟ್ಸ್ ಅಲೆ ವೇಗದ್ದು, ಗೋಡೆಗೆ ಸೋಲುವಂಥದು, 2.4ರದು ನಿಧಾನ, ತುಸು ಹೆಚ್ಚು ಒಳನುಗ್ಗುತ್ತದೆ. ಮೇಲಿನ ಕೋಣೆಗೆ ಲ್ಯಾನ್ ವೈರ್ ಎಳೆದು, 100 ಮೀಟರ್ ಮೀರದಂತೆ, ಇನ್ನೊಂದು ವೈ-ಫೈ ಡಬ್ಬಿ ಕೂಡಿಸಿದರೆ ಮುಗಿಯಿತು. 300ರ ಪ್ಲ್ಯಾನ್ ಹಾಕಿಸಿದರೆ ಕೆಳಗಿನ ಕೋಣೆಯವರಿಗೆ ಲಾಭ, ಅಷ್ಟೇ.

ಚಾಲುಕ್ಯರ ಮಂಗಳೇಶನ ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಯಿಂದ ಇಳಿದು ಬಂದ ಹುಡುಗರು, ಮೊಬೈಲ್ ನೆಟ್ಟಿನಲ್ಲಿ ಫೋಟೊ ನೋಡಲು ಬರುತ್ತದೆ, ಏರಿಸಲು ಬರುವುದಿಲ್ಲ ಎಂದು ಗೊಣಗುತ್ತಾರೆ. ಟವರ್ ಹತ್ತಾರು ವ್ಯಾಟಿನಲ್ಲಿ ಕೂಗುತ್ತದೆ. ಫೋನಿನ ದನಿ ಸಾಮಾನ್ಯವಾಗಿ ಹೆಚ್ಚೆಂದರೆ ವ್ಯಾಟಿನ ಐದನೇ ಒಂದು ಪಾಲು. ಬಂಡೆ ಅಡ್ಡ ಬಂದಾಗ ಮೊದಲು ಸೋಲುವುದು ಸಣ್ಣ ದನಿ, ಅಂದರೆ ಅಪ್‌ಲೋಡು.

ಇಳಕಲ್ಲಿನ ಅಂಗಡಿ, ಬಾದಾಮಿಯ ಅಜ್ಜಿ, ಎಲ್ಲರೂ ಹೇಳಿದ್ದು ಒಂದೇ ಮಾತು. ನೀವು ಮುಂದಿನ ಸಲ ಕೇಬಲ್‌ನವನಿಗೆ ಫೋನ್ ಮಾಡುವಾಗ "ನೆಟ್ ಇಲ್ಲ" ಎಂದಷ್ಟೇ ಹೇಳಿ ಇಡಬೇಡಿ. ಎಲ್‌ಒಎಸ್ ದೀಪ ಕೆಂಪಾಗಿದೆಯೇ, ರೂಟರಿನ ಪುಟ ತೆರೆಯುತ್ತದೆಯೇ, ಡಬ್ಬಿಯ ಪಕ್ಕ ನಿಂತರೂ ನಿಧಾನವೇ, ಇಷ್ಟು ನೋಡಿ ಹೇಳಿ. ಅವನು ಏಣಿ ತರಬೇಕೋ, ಸ್ಪ್ಲೈಸರ್ ತರಬೇಕೋ, ಆಫೀಸಿನಲ್ಲೇ ಕೂತು ಗುಂಡಿ ಒತ್ತಿದರೆ ಸಾಕೋ ಎಂಬುದು ಅದರಿಂದಲೇ ಗೊತ್ತಾಗುತ್ತದೆ.